ಚಿನ್ನ ಮೊದಲು ಕಂಡವನೇ ಯಾಕೆ ಬಡವನಾಗಿ ಸತ್ತ?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಮೊದಲು ಚಿನ್ನ ಕಂಡ ಜೇಮ್ಸ್ ಮಾರ್ಷಲ್ ಕೊನೆಗೆ ಕೈಯಲ್ಲಿ ಕಾಸಿಲ್ಲದೆ ಸತ್ತನಂತೆ. ಅದು ಹೇಗೆ? ಅಲ್ಲಿ ಈಗ ನೋಡುವಂಥದ್ದು ಏನಿದೆ?

ಉತ್ತರ: ಕಣ್ಣಿಗೆ ಮೊದಲು ಬಿದ್ದಿದ್ದು ಅವನಿಗೇ, ಆದರೆ ಆ ನೆಲ ಅವನದಲ್ಲ. ಮಾರ್ಷಲ್ ಬಡಗಿ. ಜಾನ್ ಸಟರ್ ಎಂಬ ದೊಡ್ಡ ಜಮೀನುದಾರನ ಜೊತೆ ಪಾಲು ಸೇರಿ, ಕೊಲೋಮಾದಲ್ಲಿ ಅಮೆರಿಕನ್ ನದಿಯ ದಡದಲ್ಲಿ ಮರ ಕೊಯ್ಯುವ ಮಿಲ್ಲು ಕಟ್ಟಿಸುತ್ತಿದ್ದ. 1848ರ ಜನವರಿ 24ರಂದು ಮಿಲ್ಲಿನ ಕಾಲುವೆಯಲ್ಲಿ ಹಳದಿ ಚೂರು ಹೊಳೆದವು. ಆಗ ಆ ಸೀಮೆ ಕಾಗದದ ಮೇಲೆ ಇನ್ನೂ ಮೆಕ್ಸಿಕೋದ್ದು, ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಒಂಬತ್ತು ದಿನದ ನಂತರ. ಅಲ್ಲಿ ಮೊದಲಿಂದ ಬಾಳಿದ್ದವರು ನಿಸೆನಾನ್ ಜನ. ಸಟರ್ ಅವರಿಂದ ಗುತ್ತಿಗೆ ಬರೆಸಿಕೊಂಡ, ಅಮೆರಿಕದ ಸೇನಾ ಗವರ್ನರ್ ಅದನ್ನು ಒಪ್ಪಲಿಲ್ಲ. ಮುಂದೆ ನುಗ್ಗಿ ಬಂದ ಜನ ಆ ನಿಸೆನಾನರನ್ನೇ ಓಡಿಸಿದರು, ಕೊಂದರು.

ಇನ್ನೊಂದು ಕಾರಣ ಚಿನ್ನ ಇದ್ದ ರೀತಿ. ನಮ್ಮ ಕೋಲಾರದ ಹಾಗೆ ಬಂಡೆಯೊಳಗೆ ಕಿಲೋಮೀಟರ್‌ಗಟ್ಟಲೆ ಇಳಿಯಬೇಕಿರಲಿಲ್ಲ, ಶುರುವಿನಲ್ಲಿ ಹೊಳೆಯ ಮರಳಲ್ಲೇ ಸಿಗುತ್ತಿತ್ತು, ಒಂದು ಸಲಿಕೆ, ಒಂದು ಬಾಣಲಿ ಇದ್ದರೆ ಯಾರು ಬೇಕಾದರೂ ಇಳಿಯಬಹುದಿತ್ತು. ಸುದ್ದಿ ಹಬ್ಬಿದ್ದೇ ತಡ, ಮಿಲ್ಲಿನ ಆಳುಗಳೂ ಕೆಲಸ ಬಿಟ್ಟು ಹೊಳೆಗೆ ಇಳಿದರು. ಮಾರ್ಷಲ್‌ಗೆ ಚಿನ್ನದ ಜಾಗ ತಾನಾಗಿಯೇ ಗೊತ್ತಾಗುತ್ತದೆ ಅಂತ ನಂಬಿ ಕೆಲವರು ಅವನ ಬೆನ್ನು ಹತ್ತಿದರು. ಪಾಪ, ನೆಮ್ಮದಿಯಾಗಿ ಅಗೆಯಲೂ ಬಿಡಲಿಲ್ಲ.

ದುಡ್ಡು ಮಾಡಿದವರು ಅಂಗಡಿಯವರು. ಸ್ಯಾಮ್ ಬ್ರ್ಯಾನನ್ ಅಗೆಯುವ ಸಾಮಾನು ಮೊದಲೇ ತುಂಬಿಟ್ಟುಕೊಂಡು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಬೀದಿಯಲ್ಲಿ ಚಿನ್ನ ಚಿನ್ನ ಅಂತ ಕೂಗಿಕೊಂಡು ಹೋದ. ಎಂಥಾ ಬುದ್ಧಿ ಅಲ್ವಾ! (ಅವನೂ ಕೊನೆಗೆ ಎಲ್ಲ ಕಳೆದುಕೊಂಡ, ಬಿಡಿ.) ಹತ್ತಿರದ ಪ್ಲಾಸರ್‌ವಿಲ್ ಊರಲ್ಲಿ ಗಣಿಯವರಿಗೆ ತಳ್ಳುಗಾಡಿ ಮಾಡಿಕೊಟ್ಟ ಜಾನ್ ಸ್ಟುಡಿಬೇಕರ್ ಆ ದುಡ್ಡನ್ನು ಅಣ್ಣಂದಿರ ಬಂಡಿ ಕಾರ್ಖಾನೆಗೆ ಹಾಕಿದ. ಮುಂದೆ ಅದೇ ಕಾರು ಕಂಪನಿಯಾಯಿತು. ಮಾರ್ಷಲ್‌ಗೆ 1872ರಲ್ಲಿ ಸರ್ಕಾರ ಪಿಂಚಣಿ ಕೊಟ್ಟಿತು, ಕೆಲವೇ ವರ್ಷಕ್ಕೆ ನಿಲ್ಲಿಸಿತು. 1885ರಲ್ಲಿ ಸತ್ತ. ಐದು ವರ್ಷ ಕಳೆದು, 1890ರಲ್ಲಿ, ಅದೇ ಸರ್ಕಾರ ಅವನಿಗೆ ಎತ್ತರದ ಸ್ಮಾರಕ ಕಟ್ಟಿಸಿತು!

ಆ ಸ್ಮಾರಕ ಕೊಲೋಮಾದ ಗುಡ್ಡದ ಮೇಲಿದೆ, ಪ್ರತಿಮೆಯ ಬೆರಳು ಚಿನ್ನ ಸಿಕ್ಕ ಜಾಗವನ್ನೇ ತೋರಿಸುತ್ತದೆ. ಕೆಳಗಿರುವ ಮಿಲ್ಲು ಮೂಲದ್ದಲ್ಲ, ಮಾದರಿ. ನನ್ನನ್ನು ಕೇಳಿದರೆ ಅದಕ್ಕಿಂತ ಚೀನಿಯರ ವಾ ಹಾಪ್, ಮ್ಯಾನ್ ಲೀ ಎಂಬ ಕಲ್ಲಿನ ಅಂಗಡಿಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ವಿದೇಶಿ ಗಣಿಗಾರರ ಮೇಲೆ 1850ರಲ್ಲಿ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿದ್ದ ರಾಜ್ಯ ಅದು. ಬೇ ಏರಿಯಾದಿಂದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಸೀಮೆ) ಹೆದ್ದಾರಿ 50ರಲ್ಲಿ ಟಾಹೋ ಸರೋವರಕ್ಕೆ ಹೋಗುವ ಕನ್ನಡಿಗರು ಪ್ಲಾಸರ್‌ವಿಲ್ ದಾಟಿಯೇ ಹೋಗುತ್ತೀರಿ. ಅಲ್ಲಿಯ ಗೋಲ್ಡ್ ಬಗ್ ಪಾರ್ಕ್‌ನಲ್ಲಿ ಹಳೆಯ ಗಣಿಯೊಳಗೆ ನಡೆದು ಹೋಗಬಹುದು. ಕೊಲೋಮಾಕ್ಕೆ ಅಲ್ಲಿಂದ ಹೆದ್ದಾರಿ 49 ಹಿಡಿಯಿರಿ.