ಮದ್ದು ಹಿಡಿಯದಿದ್ದಾಗ

"ಡಾಕ್ಟ್ರೇ, ಮದ್ದು ಹಿಡಿಯಲಿಲ್ಲ ಅಂದ್ರಲ್ಲ, ಪಥ್ಯದಲ್ಲಿ ನನ್ನದೇನಾದ್ರೂ ತಪ್ಪಾಯ್ತಾ?"

ಕಾಸರಗೋಡಿನ ಪೆರ್ಲ ಕಡೆಯ ಅಡಿಕೆ ಕೃಷಿಕರೊಬ್ಬರು ಕೇಳಿದ ಪ್ರಶ್ನೆ ಇದು. ಮೂತ್ರಕೋಶದ ಕ್ಯಾನ್ಸರ್. ನಾಲ್ಕು ಸಲ ಕೀಮೋ ಆಗಿತ್ತು. ಆದರೂ ಸ್ಕ್ಯಾನ್‌ನಲ್ಲಿ ಗಡ್ಡೆ ದೊಡ್ಡದಾಗಿತ್ತು. ತಪ್ಪು ನಿಮ್ಮದಲ್ಲ ಎಂದು ಮೊದಲು ಹೇಳಿದೆ.

ಈ ಕಾಯಿಲೆಯಲ್ಲಿ ನಾವು ಹೆಚ್ಚು ನಂಬುವ ಕೀಮೋ ಮದ್ದು ಸಿಸ್‌ಪ್ಲಾಟಿನ್. 1978ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಅದು ಕ್ಯಾನ್ಸರ್ ಜೀವಕೋಶದ ಡಿಎನ್‌ಎಗೆ ಅಂಟಿ ಗಂಟು ಹಾಕುತ್ತದೆ. ಜೀವಕೋಶ ಸಾಯುತ್ತದೆ. ಆದರೆ ಒಂದೇ ಗಡ್ಡೆಯಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಕೆಲವು ಜೀವಕೋಶಗಳು ಮದ್ದನ್ನು ಹೊರಗೆ ದಬ್ಬುತ್ತವೆ. ಕೆಲವು ಗಂಟು ಬಿಚ್ಚಿ ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ. ಅಂಥವೇ ಉಳಿದು ಬೆಳೆಯುತ್ತವೆ.

2014ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಕೀಮೋದಿಂದ ಸಾಯುವ ಜೀವಕೋಶಗಳು ಪ್ರೋಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ಬಿಡುತ್ತವೆ. ಸುಮ್ಮನೆ ಮಲಗಿದ್ದ ಕ್ಯಾನ್ಸರ್ ಬೀಜಗಳನ್ನು ಅದು ಎಬ್ಬಿಸುತ್ತದೆ. ತೋಟದ ಹುಲ್ಲು ಹೆರೆಸಿದ ಮೇಲೆ ಒಂದು ಮಳೆ ಬಿದ್ದರೆ ಮಣ್ಣೊಳಗಿನದು ಮೊಳೆಯುವುದಿಲ್ಲವೇ, ಹಾಗೆ. ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಇಲಿಗಳಲ್ಲಿ ಇದನ್ನು ತಡೆಯಿತು.

"ಹಾಗಾದ್ರೆ ನಾನೂ ನೋವಿನ ಮಾತ್ರೆ ತಿನ್ನಬಹುದಾ?" ಎಂದರು ಅವರು. ಖಂಡಿತ ಬೇಡ. ಇಲಿಗೆ ಕೆಲಸ ಮಾಡಿದ್ದು ಮನುಷ್ಯರಿಗೂ ಮದ್ದಾಗಿಬಿಡುವುದಿಲ್ಲ. ಅಷ್ಟೇ ಅಲ್ಲ, ಮೆಡಿಕಲ್ ಶಾಪಿನಿಂದ ತಂದು ನುಂಗುವ ಇಂಥ ಮಾತ್ರೆಗಳು ಕಿಡ್ನಿ ಕೆಡಿಸಬಹುದು. ಕಿಡ್ನಿ ಸೋತರೆ ಸಿಸ್‌ಪ್ಲಾಟಿನ್ ಕೊಡುವಂತಿಲ್ಲ. ಮದ್ದು ಹಿಡಿಯುತ್ತಿತ್ತೋ ಇಲ್ಲವೋ ಎಂದು ನೋಡುವ ಮೊದಲೇ ಆ ದಾರಿ ಮುಚ್ಚುತ್ತದೆ. ನನಗೆ ಜಾಸ್ತಿ ಬೇಸರವಾಗುವುದು ಇಲ್ಲೇ.

ತಡವೂ ಹಾಗೆಯೇ. ಇವರು ಹಳೇ ಬೀಡಿ ಸೇದುವವರು. ಮೂತ್ರದಲ್ಲಿ ರಕ್ತ ಕಂಡಿತ್ತು, ನೋವಿರಲಿಲ್ಲ. ಉಷ್ಣ ಅಂದುಕೊಂಡು ಬೊಂಡ ಕುಡಿದು ಎರಡು ತಿಂಗಳು ಕಳೆದರು. ನೋವಿಲ್ಲದ ರಕ್ತವೇ ಈ ಕ್ಯಾನ್ಸರಿನ ದೊಡ್ಡ ಸೂಚನೆ, ಒಂದೇ ಸಲ ಕಂಡು ನಿಂತರೂ ತೋರಿಸಬೇಕು.

ಈಗ ದಾರಿಗಳಿವೆ. ಎನ್ಫೋರ್ಟುಮ್ಯಾಬ್ ವೆಡೋಟಿನ್ ಎಂಬ ಮದ್ದು ಜೀವಕೋಶದ ಮೇಲಿನ ನೆಕ್ಟಿನ್-4 ಗುರುತು ಹಿಡಿದು ಒಳಗೆ ವಿಷ ಇಳಿಸುತ್ತದೆ. ಆ ವಿಷದ ಗುರಿ ಡಿಎನ್‌ಎ ಅಲ್ಲ. ಹಾಗಾಗಿ ಡಿಎನ್‌ಎ ರಿಪೇರಿಯ ಚಾಲಾಕಿ ಅಲ್ಲಿ ನಡೆಯುವುದಿಲ್ಲ. ಒಂದು ಅಧ್ಯಯನದಲ್ಲಿ ಕಾಯಿಲೆ ಹರಡಿದವರಿಗೆ ಕೀಮೋ ಬದಲು ಮೊದಲೇ ಇದನ್ನು ಪೆಂಬ್ರೊಲಿಜುಮ್ಯಾಬ್ ಎಂಬ, ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಮದ್ದಿನ ಜೊತೆ ಕೊಟ್ಟು ನೋಡಿದರು. ಬದುಕಿನ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಮಂದಿ ದಾಟುವ ಅವಧಿ, 16.1 ತಿಂಗಳಿಂದ 31.5ಕ್ಕೆ ಏರಿತು. ಆದರೆ ಬೆಲೆ ನಮ್ಮ ಹೆಚ್ಚಿನ ಮನೆಗಳಿಗೆ ಎಟುಕುವುದಿಲ್ಲ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ದಾರಿ ಎರ್ಡಾಫಿಟಿನಿಬ್ ಮಾತ್ರೆ. ಗಡ್ಡೆಯ ಎಫ್‌ಜಿಎಫ್‌ಆರ್3 ಜೀನ್‌ನಲ್ಲಿ ಬದಲಾವಣೆ ಇದ್ದವರಿಗೆ ಮಾತ್ರ. ಪರೀಕ್ಷೆಗೆ ಹಳೇ ಬಯಾಪ್ಸಿಯ ಮೇಣದ ಬ್ಲಾಕ್, ಅಂದರೆ ಆಗ ತೆಗೆದು ಮೇಣದಲ್ಲಿ ಇಟ್ಟ ಗಡ್ಡೆಯ ಚೂರು, ಬೇಕು. ಎಷ್ಟೋ ಮಂದಿಗೆ ಅದು ಲ್ಯಾಬಿನಲ್ಲೇ ಇರುತ್ತದೆ ಎಂಬುದೇ ಗೊತ್ತಿಲ್ಲ. ಕೇಳಿದರೆ ಕೊಡುತ್ತಾರೆ.

ಇವರ ಮಗ ಕಳೆದ ವಾರ ಮಂಗಳೂರಿಗೆ ಹೋಗಿ ಬ್ಲಾಕ್ ತಂದಿದ್ದಾನೆ. ಪರೀಕ್ಷೆಗೆ ಕಳಿಸಿದ್ದೇವೆ.