4294967297ನ್ನು ಒಡೆಯುವುದು: 641 ಎಲ್ಲಿಂದ ಬಂತು?

429 ಕೋಟಿ 49 ಲಕ್ಷ 67 ಸಾವಿರದ 297. ಸುಮ್ನೆ ನೋಡಿದರೆ ಯಾವುದೋ ಒಂದು ದೊಡ್ಡ ಸಂಖ್ಯೆ. ಆದರೆ ಇದು 2³²+1. 2ರ ಘಾತವಾಗಿ 1, 2, 4, 8, 16 ಇಟ್ಟು 1 ಕೂಡಿಸುತ್ತಾ ಹೋದರೆ 3, 5, 17, 257, 65537 ಸಿಗುತ್ತವೆ, ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು 1640ರ ಹೊತ್ತಿಗೆ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದರು:

4294967297 = 641 × 6700417

ಪುಸ್ತಕಗಳಲ್ಲಿ ಈ 641 ದಿಢೀರನೆ ಬಂದುಬಿಡುತ್ತದೆ. ಅದು ಬಂದ ದಾರಿ ತಿಳಿದರೆ ಉಳಿದದ್ದೆಲ್ಲ ಸುಲಭ.

ಪ ಎಂಬ ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2³²ನ್ನು ಪ-ಯಿಂದ ಭಾಗಿಸಿದರೆ ಶೇಷ −1 (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ), ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1. ಶೇಷ 1 ಬರುವ ಅತಿ ಚಿಕ್ಕ ಘಾತವು ಶೇಷ 1 ಬರುವ ಉಳಿದೆಲ್ಲ ಘಾತಗಳನ್ನೂ ಭಾಗಿಸುತ್ತದೆ, ಹಾಗಾಗಿ 64ನ್ನೂ ಭಾಗಿಸಬೇಕು; ಆದರೆ 32ರಲ್ಲಿ ಶೇಷ −1 ಇರುವುದರಿಂದ 64ಕ್ಕಿಂತ ಚಿಕ್ಕ ಯಾವ ಘಾತದಲ್ಲೂ ಶೇಷ 1 ಬರುವುದಿಲ್ಲ. ಇನ್ನು ಫರ್ಮಾ ಅವರದೇ ಕಿರು ಪ್ರಮೇಯದ ಪ್ರಕಾರ ಪ−1ನೇ ಘಾತದಲ್ಲಿ ಶೇಷ 1 ಆಗಲೇಬೇಕು, ಹಾಗಾಗಿ ಪ−1 ಎನ್ನುವುದು 64ರ ಅಪವರ್ತ್ಯ. ಅಂದರೆ 65, 129, 193, 257... ಈ ಸಾಲಿನ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು: 193, 257, 449, 577, 641. ಐದನೇ ಭಾಗಾಕಾರಕ್ಕೇ ಸಿಕ್ಕಿತು! 65536ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವ ಕೆಲಸ ಇಷ್ಟಕ್ಕೆ ಇಳಿಯುತ್ತದೆ, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಭಾಗಾಕಾರವನ್ನೂ ಮಾಡದೆ ಪರೀಕ್ಷಿಸಬಹುದು. 641 = 5×128+1, ಅಂದರೆ 641ರಿಂದ ಭಾಗಿಸಿದಾಗ 5×2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಆದರೆ 5⁴ = 625 = 641−16, ಹಾಗಾಗಿ 5⁴ರ ಜಾಗದಲ್ಲಿ −2⁴ ಇಡಬಹುದು. −2³²ರ ಶೇಷ 1 ಆಯಿತು, ಅಂದರೆ 2³²+1ರಲ್ಲಿ ಶೇಷವೇ ಉಳಿಯುವುದಿಲ್ಲ.

6700417 ಕೂಡ ಅವಿಭಾಜ್ಯವೇ. ಹಾಗಾಗಿ ನಮ್ಮ ಸಂಖ್ಯೆಗೆ ಇರುವುದು ನಾಲ್ಕೇ ಭಾಜಕಗಳು: 1, ಈ ಎರಡು, ಮತ್ತು ಅದೇ ಸಂಖ್ಯೆ.

ಇನ್ನೊಂದು ಗುಣ ನೋಡಿ. ಇದು 65536²+1² ಅನ್ನೋದು ಗೊತ್ತೇ ಇದೆ, ಅಲ್ವಾ? 62264²+20449² ಎಂದೂ ಬರೆಯಬಹುದು. ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಎರಡು ಬಗೆಯಲ್ಲಿ ಬರೆಯಲು ಬರುವುದೇ ಇಲ್ಲ, ಆದ್ದರಿಂದ ಅಪವರ್ತನಗಳು ಗೊತ್ತಿಲ್ಲದಿದ್ದರೂ ಇದು ಒಡೆಯುತ್ತದೆ ಎಂದು ಇಲ್ಲೇ ಖಚಿತ. ಅಷ್ಟೇ ಅಲ್ಲ, ಅಪವರ್ತನವೂ ಇದರೊಳಗೇ ಇದೆ. 65536−62264 = 3272, 20449−1 = 20448. ಎರಡರ ಮಹತ್ತಮ ಸಾಮಾನ್ಯ ಅಪವರ್ತನ 8, ಭಾಗಿಸಿದರೆ 409 ಮತ್ತು 2556. ಇವುಗಳ ವರ್ಗಗಳನ್ನು ಕೂಡಿಸಿ: 167281+6533136 = 6700417.