ಓದುಗರ ಪ್ರಶ್ನೆ: ಮುಖ ಕಾಣುತ್ತದೆ, ಸ್ಕ್ರೀನ್ ಶೇರ್ ಮಾಡಿದರೆ ಬರೀ ಕಪ್ಪು. ಯಾಕೆ?

ಪ್ರಶ್ನೆ: ಉಡುಪಿಯಲ್ಲಿರುವ ನಿವೃತ್ತ ಗಣಿತ ಮಾಷ್ಟ್ರು ನಾನು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತ ಮೇಲೆ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಬಗೆಯ ಉಬುಂಟು 24.04 ಹಾಕಿಸಿಕೊಂಡೆ. ದೋಹಾದಲ್ಲಿರುವ ಮೊಮ್ಮಗಳಿಗೆ ಜೂಮ್‌ನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ನನ್ನ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಸ್ಕ್ರೀನ್ ಶೇರ್ ಮಾಡಿದರೆ ಮಾತ್ರ "ಅಜ್ಜ, ಎಲ್ಲ ಕಪ್ಪು" ಎನ್ನುತ್ತಾಳೆ. ಲಿನಕ್ಸ್‌ಗೆ ಇದೆಲ್ಲ ಆಗುವುದಿಲ್ಲವಾ?

ಉತ್ತರ: ಆಗುತ್ತದೆ ಮಾಷ್ಟ್ರೇ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಉಬುಂಟು ಹಾಕಿಕೊಟ್ಟವರೂ ತಪ್ಪು ಮಾಡಿಲ್ಲ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆಯೇ ಬದಲಾಗಿದೆ. ಜೂಮ್ ಇನ್ನೂ ಹಳೆ ದಾರಿಯಲ್ಲಿ ಹೋಗಿ ಬಾಗಿಲು ತಟ್ಟುತ್ತಿರಬೇಕು.

ಹಳೆ ವ್ಯವಸ್ಥೆಯ ಹೆಸರು ಎಕ್ಸ್11. 1987ರಷ್ಟು ಹಿಂದಿನದು. ಅದು ನಮ್ಮ ಕಡೆಯ ಹಳೆ ತುಂಬು ಮನೆಯ ಹಾಗೆ. ಯಾರು ಬೇಕಾದರೂ ಚಾವಡಿಯಿಂದ ಅಡುಗೆಮನೆವರೆಗೆ ಇಣುಕಬಹುದು. ಯಾವ ಪ್ರೋಗ್ರಾಮ್ ಬೇಕಾದರೂ ಇಡೀ ಪರದೆಯನ್ನು ನೋಡಬಹುದಿತ್ತು, ನೀವು ಪಕ್ಕದ ಕಿಟಕಿಯಲ್ಲಿ ಬ್ಯಾಂಕಿನ ಪುಟ ತೆರೆದಿದ್ದರೆ ಅದನ್ನೂ. ಹೊಸದು ವೇಲ್ಯಾಂಡ್. ಉಬುಂಟುವಿನಲ್ಲಿ 21.04ರಿಂದ ಹೆಚ್ಚಿನ ಕಂಪ್ಯೂಟರುಗಳಿಗೆ ಇದೇ ತಾನಾಗಿ ಬರುತ್ತದೆ. ಇದು ಮಂಗಳೂರಿನ ಫ್ಲಾಟಿನ ಹಾಗೆ, ಗೇಟಿನಲ್ಲಿ ವಾಚ್‌ಮನ್ ಇದ್ದಾನೆ. ಒಂದು ಪ್ರೋಗ್ರಾಮ್ ಇನ್ನೊಂದರ ಕಿಟಕಿ ನೋಡುವ ಹಾಗಿಲ್ಲ. ನೋಡಲೇಬೇಕಾದರೆ ವಾಚ್‌ಮನ್ ನಿಮ್ಮನ್ನು ಕೇಳುತ್ತಾನೆ: "ಯಾವ ಕಿಟಕಿ ತೋರಿಸಲಿ, ಇಡೀ ಪರದೆಯಾ?" ಆ ವಾಚ್‌ಮನ್‌ಗೆ ಪೋರ್ಟಲ್ ಎನ್ನುತ್ತಾರೆ. ನೀವು ಹ್ಞೂಂ ಎಂದ ಮೇಲೆ ಚಿತ್ರವನ್ನು ಜೂಮ್‌ವರೆಗೆ ಮುಟ್ಟಿಸುವುದು ಪೈಪ್‌ವೈರ್ ಎಂಬ ಇನ್ನೊಂದು ಪ್ರೋಗ್ರಾಮ್. ವಾಚ್‌ಮನ್ ಹತ್ತಿರ ಹೋಗದೆ ಸೀದಾ ಒಳಗೆ ನುಗ್ಗಲು ನೋಡಿದರೆ ಸಿಗುವುದು ಕಪ್ಪು ಪರದೆ.

ನಿಮ್ಮದು ವೇಲ್ಯಾಂಡ್ ಹೌದಾ ಅಂತ ಮೊದಲು ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್, ಅಲ್ಲಿ ಸಿಸ್ಟಮ್ ಡೀಟೇಲ್ಸ್. ವಿಂಡೋಯಿಂಗ್ ಸಿಸ್ಟಮ್ ಎಂಬ ಸಾಲಿನಲ್ಲಿ ಹೆಸರು ಇರುತ್ತದೆ.

ಹೌದಾದರೆ ಜೂಮ್ ಎಷ್ಟು ಹಳೆಯದು ನೋಡಿ. ಇಲ್ಲಿ ಸುಮಾರು ಜನ ಎಡವುತ್ತಾರೆ. ಜೂಮ್‌ನ ಸೈಟಿನಿಂದ ಇಳಿಸಿಕೊಂಡ ಡೆಬ್ ಫೈಲ್ (ಉಬುಂಟುವಿಗೆ ಪ್ರೋಗ್ರಾಮ್ ಹಾಕುವ ಫೈಲ್) ಉಬುಂಟುವಿನ ಅಪ್‌ಡೇಟ್ ಜೊತೆ ಹೊಸದಾಗುವುದಿಲ್ಲ. ನೀವು ವಾರ ವಾರ ಅಪ್‌ಡೇಟ್ ಒತ್ತುತ್ತಾ ಇರಿ, ಅದು ಹಾಕಿದಲ್ಲೇ ಕೂತಿರುತ್ತದೆ. ಹೊಸ ಡೆಬ್ ಇಳಿಸಿ ಅದರ ಮೇಲೆಯೇ ಹಾಕಿ. ಆಮೇಲೆ ಜೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಶೇರ್ ಸ್ಕ್ರೀನ್, ಅಡ್ವಾನ್ಸ್ಡ್ ಎಂದು ಹೋಗಿ ವೇಲ್ಯಾಂಡ್‌ಗೆ ಇರುವ ಕ್ಯಾಪ್ಚರ್ ಮೋಡ್‌ನಲ್ಲಿ ಪೈಪ್‌ವೈರ್ ಆರಿಸಿ. ಶೇರ್ ಒತ್ತಿದಾಗ ಉಬುಂಟುವಿನದೇ ಒಂದು ಸಣ್ಣ ಪೆಟ್ಟಿಗೆ ಬಂದರೆ ಸರಿಹೋಯಿತು ಅಂತ ಲೆಕ್ಕ, ವಾಚ್‌ಮನ್ ಬಂದ.

ಆಗಲೂ ಕಪ್ಪೇ ಇದ್ದರೆ ಜೂಮ್ ಆ್ಯಪ್ ಬದಿಗಿಡಿ, ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಗೂಗಲ್ ಮೀಟೋ ಜಿಟ್ಸಿಯೋ ತೆರೆಯಿರಿ. ನನ್ನನ್ನು ಕೇಳಿದರೆ ಮೊದಲೇ ಹೀಗೆ ಮಾಡುವುದು ಒಳ್ಳೆಯದು. ಬ್ರೌಸರುಗಳು ಪೋರ್ಟಲ್ ದಾರಿಯನ್ನು ಎಂದೋ ಕಲಿತಿವೆ. ಟೀಮ್ಸ್ ಬಳಸುವವರಿಗಂತೂ ಬೇರೆ ದಾರಿಯಿಲ್ಲ. ಮೈಕ್ರೋಸಾಫ್ಟ್ 2022ರ ಡಿಸೆಂಬರಿನಲ್ಲೇ ಲಿನಕ್ಸ್ ಆ್ಯಪ್ ನಿಲ್ಲಿಸಿತು.

ಕೊನೆಯ ಉಪಾಯ ಹಳೆ ಮನೆಗೇ ವಾಪಸ್ ಹೋಗುವುದು. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಒತ್ತಿ, ಕೆಳಗೆ ಬಲಗಡೆ ಮೂಡುವ ಹಲ್ಲುಚಕ್ರ ಒತ್ತಿದರೆ 'ಉಬುಂಟು ಆನ್ ಕ್ಸಾರ್ಗ್' (Ubuntu on Xorg, ಅಂದರೆ ಎಕ್ಸ್11) ಅಂತ ಇರುತ್ತದೆ. ಅದನ್ನು ಆರಿಸಿ ಒಳಗೆ ಹೋಗಿ. ನಿಮ್ಮ 24.04ರಲ್ಲಿ ಇದು ಇದೆ, 25.10ರಲ್ಲಿ ತೆಗೆದುಬಿಟ್ಟಿದ್ದಾರೆ. ಹಾಗಾಗಿ ಇದನ್ನೇ ನಂಬಿಕೊಂಡು ಕೂರಬೇಡಿ. ಅಂದ ಹಾಗೆ, ಲಿನಕ್ಸ್ ಮಿಂಟ್ ಹಾಕಿಕೊಂಡವರಿಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ, ಅಲ್ಲಿ ಈಗಲೂ ಎಕ್ಸ್11ದೇ ಕಾರುಬಾರು.

ಒಂದು ಮಾತು, ಪ್ರತಿ ಸಲ ಮೊಮ್ಮಗಳನ್ನು ಕರೆದು "ಈಗ ಕಾಣುತ್ತದಾ?" ಅಂತ ಕೇಳಬೇಡಿ ಮಾರಾಯ್ರೆ, ಪಾಪ ಅವಳಿಗೂ ಬೋರ್ ಆಗುತ್ತದೆ. ನಿಮ್ಮದೇ ಮೊಬೈಲಿನಿಂದ ಅದೇ ಮೀಟಿಂಗಿಗೆ ಸೇರಿ ನೋಡಿಕೊಳ್ಳಿ. ಮೊಬೈಲಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಿಡಿ, ಇಲ್ಲದಿದ್ದರೆ ಕೂಯ್ ಎಂಬ ಸದ್ದಿಗೆ ಪಕ್ಕದ ಮನೆಯವರು ಓಡಿ ಬರುತ್ತಾರೆ.